ಗಂಗಮ್ಮನ ಕಲ್ಲಿನ ಮೇಲೆ ಇಟ್ಟ ಕೈ

ಮಗ ಸತ್ತ ಮೇಲೆ ಸಿದ್ದರಾಜುವಿಗೆ ನಿದ್ದೆ ಹಾರಿಹೋಯಿತೆಂದು ಊರಿನವರು ಹೇಳುತ್ತಿದ್ದರು. ಅದು ನಿಜವಲ್ಲ. ನಿದ್ದೆ ಬರುತ್ತಿತ್ತು; ಬಂದ ನಿದ್ದೆಯಲ್ಲಿ ಅವನು ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದ. ಒಂದು ದಿನ ಕತ್ತು ಹಿಸುಕಿ, ಒಂದು ದಿನ ಕಲ್ಲೆತ್ತಿ ಹಾಕಿ. ಬೆಳಿಗ್ಗೆ ಎದ್ದು ಮುಖ ತೊಳೆದು ದೇವರ ಪಟದ ಮುಂದೆ ನಿಂತಾಗ ಅದೇ ಕೈಗಳನ್ನು ಜೋಡಿಸಲು ನಾಚಿಕೆಯಾಗುತ್ತಿತ್ತು. ಆದರೂ ಜೋಡಿಸುತ್ತಿದ್ದ. ಕೈ ಮುಗಿಯುವುದನ್ನೂ ಬಿಟ್ಟರೆ ತನ್ನಲ್ಲಿ ಮನುಷ್ಯನೆನ್ನುವಂಥದು ಏನೂ ಉಳಿಯುವುದಿಲ್ಲವೆಂಬ ಭಯ ಅವನಿಗಿತ್ತು.

ಕೊಲ್ಲಬೇಕಾದವನ ಹೆಸರು ಸಂತೋಷ್. ಮಳವಳ್ಳಿಯಿಂದಾಚೆ ಒಂದು ದೊಡ್ಡ ಕೆರೆಯ ದಡದಲ್ಲಿ ದೋಣಿ, ನೀರಿನ ಮೇಲೆ ಓಡುವ ಬೈಕಿನಂಥ ಜೆಟ್ ಸ್ಕೀ ಇಟ್ಟುಕೊಂಡು ಭಾನುವಾರ ಬಂದವರನ್ನು ನೀರಿನಲ್ಲಿ ಆಡಿಸುತ್ತಿದ್ದವನು. ಸಿದ್ದರಾಜುವಿನ ಮಗ ಸ್ವಾಮಿ ಜನ ದೊಡ್ಡಿಯೆಂದೇ ಕರೆಯುವ ಭಾರತೀನಗರದಿಂದ ಬೈಕಿನಲ್ಲಿ ಅಲ್ಲಿಗೆ ಹೋಗಿ ಹೋಗಿ ಅವನ ಗೆಳೆಯನಾಗಿದ್ದ. ಜೆಟ್ ಸ್ಕೀಗಳಲ್ಲಿ ಕುಳಿತು ಓಡಿಸುವುದು ಒಂದು, ನಿಂತು ಓಡಿಸುವುದು ಇನ್ನೊಂದು. ಸ್ವಾಮಿಗೆ ನಿಂತು ಓಡಿಸುವುದರ ಮೇಲೆ ಹುಚ್ಚು. ಅದು ಒಬ್ಬನೇ ನಿಲ್ಲುವಷ್ಟು ಅಗಲದ ಸಣ್ಣ ದೋಣಿಯಂಥದು. ಮುಂದೆ ಉದ್ದನೆಯ ಕೋಲು, ಕೋಲಿನ ತುದಿಗೆ ಹ್ಯಾಂಡಲ್ಲು. ಓಡಿಸುವವನು ಮಣಿಕಟ್ಟಿಗೆ ಒಂದು ಸುರುಳಿ ದಾರ ಕಟ್ಟಿಕೊಳ್ಳಬೇಕು. ದಾರದ ಇನ್ನೊಂದು ತುದಿ ಹ್ಯಾಂಡಲ್ಲಿನ ಗುಂಡಿಯ ಕೆಳಗೆ ಸಿಕ್ಕಿಕೊಂಡು ಗುಂಡಿಯನ್ನು ಎತ್ತಿ ಹಿಡಿದಿರುತ್ತದೆ. ಮನುಷ್ಯ ಬಿದ್ದರೆ ದಾರ ಕಿತ್ತು ಬರುತ್ತದೆ, ಗುಂಡಿ ಕೆಳಗೆ ಕೂರುತ್ತದೆ, ಎಂಜಿನ್ನು ನಿಲ್ಲುತ್ತದೆ.

ಸ್ವಾಮಿ ಬಿದ್ದ ದಿನ ಅದು ನಿಲ್ಲಲಿಲ್ಲ. ಬಿದ್ದವನನ್ನು ಹುಡುಕಿಕೊಂಡು ಬರುವಂತೆ ಸುತ್ತು ಹಾಕಿ ಬಂದು ತಲೆಗೆ ಬಡಿಯಿತು. ಹೆಣ ತೆಗೆದಾಗ ದಾರ ಮಣಿಕಟ್ಟಿನಲ್ಲೇ ಇತ್ತು. ಮಗನ ಊದಿದ ಕೈಯಿಂದ ಸಿದ್ದರಾಜು ತಾನೇ ಅದನ್ನು ಬಿಚ್ಚಿದ. ಸಂತೋಷ್ ಆ ದಿನವೇ ತಲೆತಪ್ಪಿಸಿಕೊಂಡ. ಸುಡುಗಾಡಿಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಪೊಲೀಸರು ಹುಡುಗನೇ ಹತೋಟಿ ತಪ್ಪಿದನೆಂದು ಬರೆದು ಕೇಸು ಮುಗಿಸಿದರು.

"ದಾರ ಕೈಲೇ ಐತೆ, ಮಿಷನ್ನು ನಿಂತಿಲ್ಲ. ಅಂದ್ರೆ ಆ ಗುಂಡಿಗೆ ಏನೋ ಮಾಡವ್ನೆ ಅವ್ನು. ತಪ್ಪಿಲ್ದಿದ್ರೆ ಯಾಕ್ ಓಡೋಗ್ಬೇಕಾಗಿತ್ತು?" ಇಷ್ಟೇ ಮಾತನ್ನು ಸಿದ್ದರಾಜು ಒಂದು ವರ್ಷ ಆಡಿದ. ಕೇಳುವವರು ಮೊದಮೊದಲು ತಲೆಯಾಡಿಸುತ್ತಿದ್ದರು, ಆಮೇಲೆ ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಹೀಗಿರುವಾಗ ಮಗಳು ದೀಪಿಕ ಮೊಬೈಲಿನಲ್ಲಿ ಆ ಯಂತ್ರವನ್ನು ಕಂಡಳು. ಮಂಡ್ಯದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಅಣ್ಣನ ಜೊತೆ ನಾಲೆಯಲ್ಲಿ ಈಜಿ ಬೆಳೆದವಳು. ನಿಂತು ಓಡಿಸುವ ಜೆಟ್ ಸ್ಕೀ ಮಾರಾಟಕ್ಕಿದೆ, ಹೊಸದಾಗಿ ಕಲಿಯುವವರಿಗೆ ಯೋಗ್ಯ, ಎಂದು ಸಂತೋಷ್ ಕೆರೆಯ ದಡಕ್ಕೆ ಮರಳಿ ಬಂದು ಪಟ ಹಾಕಿದ್ದ. ಮೂತಿಯ ಮೇಲೆ ಅಣ್ಣ ಅಂಟಿಸಿದ್ದ ಹುಲಿಯ ಚಿತ್ರ ಅರ್ಧ ಕಿತ್ತು ಹೋಗಿತ್ತು.

"ನಾನು ಕಲಿಯೋಳು ಅಂತ ಓಗಾನ ಅಪ್ಪ. ಕೊಳ್ಳೋರು ಕೇಳೋ ಅಂಗೆ ಎಲ್ಲಾ ಬಿಚ್ಚಿ ನೋಡ್ತೀನಿ. ಗುಂಡಿ ಕೆಟ್ಟಿದ್ರೆ ವಿಡಿಯೋ ಮಾಡ್ಕತೀನಿ. ಆಮೇಲೆ ಕೇಸು ಮತ್ತೆ ತೆಗ್ಸಾನ."

"ಊಂ" ಎಂದ ಸಿದ್ದರಾಜು. ಅವನಿಗೆ ಕೇಸು ಬೇಕಾಗಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವನು ಕಬ್ಬಿನ ಗದ್ದೆಯ ಪಂಪುಮನೆಗೆ ಹೋದ. ಕರೆಂಟು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಹೋದಾಗಲೆಲ್ಲ ಸ್ಟಾರ್ಟರಿನ ಗುಂಡಿ ಬಿದ್ದುಬಿಡುತ್ತದೆ. ಮತ್ತೆ ಕರೆಂಟು ಬಂದಾಗ ಯಾರಾದರೂ ಬಂದು ಒತ್ತಬೇಕು. ಅದಕ್ಕಾಗಿ ಆ ಭಾಗದ ರೈತರು ಗುಂಡಿ ಬೀಳದ ಹಾಗೆ ಒಂದು ಬೆಣೆ ಸಿಕ್ಕಿಸುವುದು ವಾಡಿಕೆ. ಲೈನ್‌ಮ್ಯಾನು ಬೈದು ಹೋಗುತ್ತಾನೆ, ಅವನು ಹೋದ ಮೇಲೆ ಬೆಣೆ ಮತ್ತೆ ಒಳಕ್ಕೆ ಹೋಗುತ್ತದೆ. ಸಿದ್ದರಾಜು ಹಳೆಯದು ಸವೆದಿದ್ದನ್ನು ಕಂಡು ಮಚ್ಚಿನಿಂದ ಹೊಸದೊಂದು ಬಿದಿರಿನ ಬೆಣೆ ಕೆತ್ತಿದ. ಜಾರದಂತೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಹಿಂದಕ್ಕೊಂದು ಗಂಟು ಹಾಕಿ ಸಿಕ್ಕಿಸಿದ. ಆಮೇಲೆ ಅದೇ ಮಚ್ಚನ್ನು ಕಲ್ಲಿನ ಮೇಲೆ ಮಸೆಯತೊಡಗಿದ. ಬೆಣೆ ಕೆತ್ತಲು ಅಷ್ಟು ಹರಿತ ಬೇಕಾಗಿರಲಿಲ್ಲ.

ಮನೆಯಲ್ಲಿ ಹೆಂಡತಿ ಅಂಕಮ್ಮ ಒಂದು ಚೀಲ ಕಟ್ಟಿಟ್ಟಿದ್ದಳು. ಕಾಯಿ, ನಿಂಬೆಹಣ್ಣು, ಅರಿಸಿನ ಕುಂಕುಮ, ಕರ್ಪೂರ. "ನನ್ನ ಮಗ ಮುಳುಗಿದ್ ನೀರು ಅದು. ಗಂಗಮ್ಮಂಗೆ ಒಂದು ಕರ್ಪೂರ ಅಚ್ಚಿ ಬನ್ನಿ. ಏನೇ ಮಾಡುದ್ರೂ ಮೊದ್ಲು ಅದ ಮಾಡಿ" ಎಂದಳು. ಕಾಯಿ ಸುಲಿಯಲು ಬೇಕೆಂದು ಸಿದ್ದರಾಜು ಮಚ್ಚನ್ನು ಅದೇ ಚೀಲಕ್ಕೆ ಹಾಕಿಕೊಂಡ. ಅಂಕಮ್ಮ ಅದನ್ನು ನೋಡಿದಳು. ಚೀಲದ ಬಾಯಿಯನ್ನು ತಾನೇ ಬಿಗಿದು ಕೊಟ್ಟಳು.

ಕೆರೆಯ ದಡದಲ್ಲಿ ಸಂತೋಷ್ ಒಬ್ಬನೇ ಇದ್ದ. ವ್ಯವಹಾರ ನಿಂತುಹೋಗಿತ್ತು, ದೋಣಿಗಳು ಬೋರಲು ಬಿದ್ದಿದ್ದವು. ಸಿದ್ದರಾಜು ಕನಸಿನಲ್ಲಿ ಕೊಲ್ಲುತ್ತಿದ್ದ ಮನುಷ್ಯ ದಪ್ಪಗೆ ಎತ್ತರವಾಗಿದ್ದ. ಇವನು ಕುಳ್ಳ, ಮುಂದಿನ ಹಲ್ಲು ಮುರಿದವನು, ಬಾಯಿಬಡುಕ.

"ಬನ್ನಿ ಬನ್ನಿ ಯಜಮಾನ್ರೆ. ಯಾರ್ಗೆ ಮಿಷನ್ನು, ನಿಮ್ಗಾ?"

"ನನ್ ಮಗ್ಳು ಕಲೀತಾಳೆ."

"ಅವ್ವಾ ತಾಯೀ! ಈಜ್ ಬತ್ತದಾ ನಿಂಗೆ?"

"ನಿಮ್ಗಿಂತ ಚೆನ್ನಾಗ್ ಬತ್ತದೆ" ಎಂದಳು ದೀಪಿಕ.

ಅವನು ಹೋ ಎಂದು ನಕ್ಕು ಟಾರ್ಪಾಲು ಎಳೆದ. ಕಿತ್ತ ಹುಲಿ ಕಂಡಿತು. ಸಿದ್ದರಾಜು ದೋಣಿಯೊಂದರ ಮೇಲೆ ಕುಳಿತುಬಿಟ್ಟ.

ದೀಪಿಕ ನೇರ ಕೆಲಸಕ್ಕಿಳಿದಳು. ಮೊದಲು ಎಂಜಿನ್ನನ್ನು ಮುಟ್ಟಿ ನೋಡಿದಳು, ತಣ್ಣಗಿತ್ತು. ಕೊಳ್ಳುವವರು ಬರುವ ಮೊದಲೇ ಬಿಸಿ ಮಾಡಿಟ್ಟ ಯಂತ್ರವನ್ನು ನಂಬಬಾರದೆಂದು ಅವಳು ಓದಿಕೊಂಡಿದ್ದಳು. ಮುಚ್ಚಳ ತೆಗೆದು ಒಳಗೆ ನೀರು ನಿಂತಿದೆಯೇ ಎಂದು ಬಟ್ಟೆ ಅದ್ದಿ ಮೂಸಿದಳು. ಎರಡು ಸಿಲಿಂಡರಿಗೂ ಅಳತೆಯ ಮೀಟರು ಹಾಕಿ ಒತ್ತಡ ಒಂದೇ ಸಮ ಇದೆಯೇ ನೋಡಿದಳು. ಮಲಗಿ, ಹಿಂದಿನ ಕೊಳವೆಯೊಳಕ್ಕೆ ಟಾರ್ಚು ಬಿಟ್ಟು, ನೀರು ತಳ್ಳುವ ರೆಕ್ಕೆಯ ಅಂಚು ಕಲ್ಲು ಕಚ್ಚಿದೆಯೇ ನೋಡಿದಳು. ತಳವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದು ಒಂದು ಕಡೆ ನಿಂತಳು.

"ಇಲ್ಲಿ ಮೆತ್ಗದೆ."

"ಬಂಡೆಗೆ ಒಡ್ದಿತ್ತು, ನಾನೇ ತೇಪೆ ಆಕಿವ್ನಿ. ಮುಚ್ಚಿಡಾಕಿಲ್ಲ ನಾನು. ಎಕ್ಸಿಲೇಟರ್ ವೈರೂ ಅಷ್ಟೆ, ತುಕ್ಕು, ಒಂದೊಂದ್ಸಲ ಇಡ್ಕತದೆ. ಎಣ್ಣೆ ಬುಟ್ಟಿವ್ನಿ, ಆದ್ರೂ ಬದ್ಲಾಯಿಸ್ಕಳಿ."

"ಹೊಸಬ್ರಿಗೆ ಇದು ಆಯ್ತದಾ?"

"ಇದೇ ಸರಿ ಕಣಮ್ಮ. ಅಗಲ ಐತೆ ನೋಡು. ಸಪೂರ್ಕಿರೋದು ತಗಂಡ್ರೆ ನಿಂತ್ಕಳಾದ್ ಕಲಿಯೋದ್ರೊಳ್ಗೆ ಬೇಜಾರಾಗಿ ಮಾರ್ಬುಡ್ತೀಯ. ಮೊದ್ಲು ಮೊಣಕಾಲ್ ಮೇಲೆ ಓಡ್ಸು. ಬೀಳ್ತೀಯ. ಎಲ್ರೂ ಬೀಳ್ತಾರೆ."

"ಇದ್ರಿಂದ ಯಾರಾದ್ರೂ ಬಿದ್ದು ಏಟು ಮಾಡ್ಕಂಡವ್ರಾ?"

ಸಂತೋಷ್ ಟಾರ್ಪಾಲನ್ನು ಮಡಿಸತೊಡಗಿದ. ತಳದ ತೇಪೆಯನ್ನು ತಾನೇ ತೋರಿಸಿದವನು ಈಗ ಮುಖ ತೋರಿಸಲಿಲ್ಲ. "ಇಲ್ಲ. ಯಾರೂ ಇಲ್ಲ."

ಸಿದ್ದರಾಜು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಒಳಗಿನ ಮಚ್ಚು ಬಟ್ಟೆಯ ಮೂಲಕ ತೊಡೆಗೆ ತಣ್ಣಗೆ ತಾಕಿತು. ಆ ಕ್ಷಣದಲ್ಲೇ ಏಳಬಹುದಾಗಿತ್ತು. ಮೊದಲು ಗಂಗಮ್ಮ ಎಂದಿದ್ದಳು ಅಂಕಮ್ಮ.

ದಡದ ಆಲದ ಬುಡದಲ್ಲಿ ಅರಿಸಿನ ಬಳಿದ ಒಂದು ಮೊಣಕಾಲೆತ್ತರದ ಕಲ್ಲು ಇತ್ತು. ಮೀನು ಹಿಡಿಯುವವರು ಅದನ್ನೇ ಗಂಗಮ್ಮನೆಂದು ಪೂಜಿಸುತ್ತಿದ್ದರು. ಸಿದ್ದರಾಜು ಕಾಯಿ ಸುಲಿದು ಒಡೆದ. "ಮಚ್ಚು ಚೆನ್ನಾಗ್ ಮಸ್ದಿದ್ದೀರಿ" ಎಂದ ಸಂತೋಷ್. ದೀಪಿಕ ನಿಂಬೆಹಣ್ಣು ಹಿಡಿದು ಯಂತ್ರವನ್ನು ಸುತ್ತಿ ಬಂದಳು. "ಚಕ್ರನೇ ಇಲ್ವಲ್ಲಪ್ಪಾ, ಯಾವುದ್ರ ಕೆಳ್ಗೆ ಇಡಾದು ಇದ?"

"ಮೂತಿ ಮುಂದೆ ಇಡವ್ವ. ನೀರ್ಗೆ ತಳ್ದಾಗ ಜಜ್ಜ್ಕತದೆ" ಎಂದ ಸಂತೋಷ್.

ದೀಪಿಕ ತೇಲುವ ಜಾಕೀಟು ತೊಟ್ಟು, ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಗುಂಡಿಯ ಕೆಳಗೆ ಸಿಕ್ಕಿಸಿದಳು; ಮೇಲ್ನೋಟಕ್ಕೆ ಗುಂಡಿ ಸರಿಯಾಗಿಯೇ ಇತ್ತು. ತಂದೆಗೆ ಹೇಳದ ಒಂದು ಮಾತು ಅವಳ ಮನಸ್ಸಿನಲ್ಲಿತ್ತು. ದಡದ ಮೇಲೆ ನೀರಿಲ್ಲದೆ ಎಂಜಿನ್ನು ಹೆಚ್ಚು ಹೊತ್ತು ಓಡಿಸುವಂತಿಲ್ಲ. ದಾರದ ಪರೀಕ್ಷೆ ನೀರಿನಲ್ಲೇ ಆಗಬೇಕು. ಬೇಕೆಂದೇ ಬೀಳುವುದೆಂದು ನಿಶ್ಚಯಿಸಿದ್ದಳು.

ಮೊಣಕಾಲೂರಿ ಹೊರಟಳು. ನೀರು ಸೀಳಿಕೊಂಡು ಯಂತ್ರ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಅವಳು ಎದ್ದು ನಿಂತಳು, ತೂಗಾಡಿದಳು, ನಿಂತೇ ನಿಂತಳು. ಸಿದ್ದರಾಜು ನೀರಿನ ಅಂಚಿಗೆ ಬಂದು ನಿಂತ. ಮಗ ನಿಲ್ಲುತ್ತಿದ್ದುದು ಹೀಗೆಯೇ ಇರಬೇಕು ಎಂದುಕೊಂಡ. ತಾನು ಒಂದು ದಿನವೂ ನೋಡಲು ಬಂದಿರಲಿಲ್ಲ.

ಆಗ ಅವಳು ಕೈಬಿಟ್ಟು ಪಕ್ಕಕ್ಕೆ ಬಿದ್ದಳು.

ದಾರ ಕಿತ್ತು ಬಂದುದು ದಡಕ್ಕೆ ಕಂಡಿತು. ಎಂಜಿನ್ನು ನಿಲ್ಲಲಿಲ್ಲ. ತುಕ್ಕು ಹಿಡಿದ ವೈರು ಕಚ್ಚಿಕೊಂಡು, ಯಾರೂ ಇಲ್ಲದ ಯಂತ್ರ ಮೂತಿಯೆತ್ತಿ ಕೂಗುತ್ತಾ ದೊಡ್ಡ ಸುತ್ತು ಹಾಕಿತು. ಸುತ್ತು ಹಾಕಿ ಅವಳ ಕಡೆಗೇ ತಿರುಗಿತು.

"ಮುಳ್ಗು! ಮುಳ್ಗು!" ಸಂತೋಷ್ ಕಿರುಚಿ ಸೊಂಟದವರೆಗೆ ನೀರಿಗೆ ನುಗ್ಗಿದ. ಜಾಕೀಟು ಅವಳನ್ನು ಮುಳುಗಗೊಡಲಿಲ್ಲ. ಅವಳು ಮೈ ತಿರುಚಿದಳು. ಯಂತ್ರ ಅವಳ ಭುಜವನ್ನು ತರಿದುಕೊಂಡು ಹೋಯಿತು. ನೀರಿನ ಮೇಲೆ ಕೆಂಪು ಹರಡಿತು. ಅದೇ ಓಟದಲ್ಲಿ ದಡಕ್ಕೆ ನುಗ್ಗಿ, ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿ, ಹ್ಯಾಂಡಲ್ಲು ಮುರಿದು, ಒಂದು ಮಗ್ಗುಲಿಗೆ ಬಿದ್ದು ಅಲ್ಲಿಯೂ ಅರಚುತ್ತಲೇ ಇತ್ತು.

ದೀಪಿಕ ಒಂದೇ ಕೈಯಲ್ಲಿ ಈಜುತ್ತಾ ಬರುವುದನ್ನು ಸಿದ್ದರಾಜು ಕಂಡ. ಬದುಕಿದ್ದಾಳೆ. ಆಮೇಲೆ ಅವನಿಗೆ ಸಂತೋಷ್ ಒಬ್ಬನೇ ಕಂಡದ್ದು.

ಕೂದಲು ಹಿಡಿದು ನೀರಿನಿಂದ ಎಳೆದ. ಮುಖಕ್ಕೆ ಗುದ್ದಿದ, ಮುರಿದ ಹಲ್ಲಿನ ಪಕ್ಕದ ಹಲ್ಲು ಸಿದ್ದರಾಜುವಿನ ಬೆರಳಿನ ಗೆಣ್ಣಿಗೆ ನಾಟಿಕೊಂಡಿತು. ಎಳೆದು ತಂದು ಗಂಗಮ್ಮನ ಕಲ್ಲಿನ ಮುಂದೆ ಕೆಡವಿ ಎದೆಯ ಮೇಲೆ ಮೊಣಕಾಲು ಊರಿದ.

"ಒಬ್ಬುನ್ನ ತಿಂದೆ, ಸಾಕಾಗ್ಲಿಲ್ವೇನ್ಲಾ? ನಾನು ಸ್ವಾಮಿ ಅಪ್ಪ ಕಣ್ಲಾ! ದೊಡ್ಡಿ ಸ್ವಾಮಿ ಅಪ್ಪ!"

ಸಂತೋಷನ ಮುಖದಲ್ಲಿ ರಕ್ತದ ನಡುವೆ ಎರಡು ಕಣ್ಣು ಮಾತ್ರ ಬೆಳ್ಳಗೆ ಉಳಿದವು. "ಯಜಮಾನ್ರೆ... ಅಯ್ಯೋ, ನೀವಾ..."

"ಬಿದ್ದೋರು ಯಾರೂ ಇಲ್ಲ ಅಂದೆಯಲ್ಲಾ! ಗುಂಡಿಗೆ ಏನ್ಲಾ ಮಾಡಿದ್ದೆ?"

"ಯಾರೂ ಇಲ್ಲ ಅಂದಿದ್ದು ಸುಳ್ಳು. ಎದ್ರಿಕೆಗೆ ಅಂದೆ. ಓಡೋಗಿದ್ದೂ ಎದ್ರಿಕೆಗೆ. ಆದ್ರೆ ಗುಂಡಿ ನಾ ಮುಟ್ಟಿಲ್ಲ, ಯಜಮಾನ್ರೆ! ಅವತ್ತಿಂದ ಟಾರ್ಪಾಲ್ ಕೆಳ್ಗೇ ಬಿದ್ದಿತ್ತು. ಆಣೆ ಇಡ್ತೀನಿ. ಗಂಗಮ್ಮನ್ ಮೇಲೆ ಆಣೆ ಇಡ್ತೀನಿ!"

ಆಣೆಯೆಂದರೆ ಆ ಸೀಮೆಯಲ್ಲಿ ಬಾಯಿಮಾತಲ್ಲ. ದೇವರ ಮುಂದೆ ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಒತ್ತಿ ಆರಿಸಬೇಕು. ಹಾಗೆ ಆಣೆಯಿಟ್ಟವನ ಮಾತನ್ನು ಊರಿಗೆ ಊರೇ ಒಪ್ಪುತ್ತದೆ. ಸುಳ್ಳಾದರೆ ಶಿಕ್ಷೆ ಆ ದೇವರದು, ಮನುಷ್ಯರದಲ್ಲ. ಸಿದ್ದರಾಜುವಿನ ಹೊಲದ ಬದುವಿನ ಜಗಳವೂ ಅವನ ತಂದೆಯ ಕಾಲದಲ್ಲಿ ಹೀಗೆಯೇ ತೀರಿತ್ತು. ಅವನು ಮೊಣಕಾಲು ತೆಗೆದು, ಉಳಿದ ಕರ್ಪೂರವನ್ನೆಲ್ಲ ಕಲ್ಲಿನ ಮೇಲೆ ಸುರಿದು ಕಡ್ಡಿ ಗೀರಿದ.

ಸಂತೋಷ್ ತೆವಳಿಕೊಂಡು ಬಂದು ಆ ಉರಿಯ ಮೇಲೆ ಬಲಗೈ ಇಟ್ಟು ಒತ್ತಿದ. ಚರ್ಮ ಸುಟ್ಟ ವಾಸನೆ ಬಂತು. ಕೈ ತೆಗೆಯಲಿಲ್ಲ. "ನಾನು ಮಾಡಿಲ್ಲ ತಾಯೀ, ನಾನು ಮಾಡಿಲ್ಲ" ಎಂದು ಅಳುತ್ತಿದ್ದ.

ಅಲ್ಲಿಗೆ ನಿಲ್ಲಬೇಕಾಗಿತ್ತು. ನಿಂತಿದ್ದರೆ ಈ ಕಥೆ ಹೇಳುವ ಅಗತ್ಯ ಇರುತ್ತಿರಲಿಲ್ಲ. ಆದರೆ ಹಿಂದೆ ಆ ಯಂತ್ರ ಅರಚುತ್ತಲೇ ಇತ್ತು. ಮಗನ ತಲೆಯ ಮೇಲೆ ಹರಿದ ಸದ್ದು, ಈಗ ಮಗಳ ಭುಜ ಹರಿದ ಸದ್ದು. ದೇವರ ಮುಂದೆಯೂ ಸುಳ್ಳು ಹೇಳುವ ಕೈ ಇದು ಎಂದು ಸಿದ್ದರಾಜುವಿಗೆ ತೋರಿತು. ಇಷ್ಟು ವರ್ಷ ಯಾವ ತೀರ್ಪನ್ನು ದೇವರಿಗೆ ಬಿಟ್ಟು ಬದುಕಿದ್ದನೋ ಅದನ್ನು ಅವನು ಒಂದು ಉಸಿರಿನಲ್ಲಿ ಕಿತ್ತುಕೊಂಡ. ಮಚ್ಚು ಮೇಲೆದ್ದು ಬಿತ್ತು.

ಸಂತೋಷನ ಮೂರು ಬೆರಳು ಕಲ್ಲಿನ ಅರಿಸಿನದ ಮೇಲೆ ಉಳಿದವು. ಅವನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬಾಯಿ ತೆರೆದದ್ದು ಮಾತ್ರ ಕಂಡಿತು. ಸಿದ್ದರಾಜು ಎರಡನೆಯ ಸಲ ಮಚ್ಚೆತ್ತಿದ. ಈ ಏಟು ಕತ್ತಿಗೆ.

ಅಷ್ಟರಲ್ಲಿ ಎಂಜಿನ್ನು ನಿಂತಿತು.

ಏಕಾಏಕಿ ಬಿದ್ದ ಆ ಮೌನ ಅವನ ತೋಳನ್ನು ಹಿಡಿದುಕೊಂಡಂತಾಯಿತು. ತಿರುಗಿ ನೋಡಿದ. ದೀಪಿಕ ಯಂತ್ರದ ಪಕ್ಕದಲ್ಲಿ ಮಂಡಿಯೂರಿದ್ದಳು. ಭುಜದಿಂದ ರಕ್ತ ಮೊಣಕೈವರೆಗೆ ಇಳಿದಿತ್ತು. ಮಾಮೂಲಿ ನಿಲ್ಲಿಸುವ ಗುಂಡಿ ಕಲ್ಲಿಗೆ ಜಜ್ಜಿ ಹೋಗಿದ್ದರಿಂದ ಅವಳು ದಾರದ ಗುಂಡಿಯ ಕೆಳಗೆ ಉಗುರು ತೂರಿಸಿ ಏನನ್ನೋ ಕಿತ್ತಿದ್ದಳು.

"ಅಪ್ಪಾ" ಎಂದಳು. "ಇಲ್ಲೇನೋ ಸಿಕ್ಸವ್ರೆ."

ಅಂಗೈ ಚಾಚಿದಳು. ಬೆರಳಿನ ಗೆಣ್ಣಿನಷ್ಟು ಉದ್ದದ ಬಿದಿರಿನ ಬೆಣೆ. ಜಾರದಂತೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಹಿಂದಕ್ಕೊಂದು ಗಂಟು ಹಾಕಿತ್ತು. ಕಪ್ಪು ಗುಂಡಿಯ ಕೆಳಗೆ ಕಪ್ಪು ರಬ್ಬರು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಿದ್ದರಾಜು ಅದನ್ನು ತೆಗೆದುಕೊಂಡ. ಬೆಳಿಗ್ಗೆ ತಾನು ಕೆತ್ತಿದ ಬೆಣೆಯ ತಮ್ಮನಂತಿತ್ತು. ಹಿಂದಕ್ಕೆ ಗಂಟು ಹಾಕುವುದು ಊರಿನಲ್ಲಿ ಅವನ ಮನೆಯೊಂದರದೇ ಪದ್ಧತಿ. ಸ್ವಾಮಿ ಚಿಕ್ಕವನಿದ್ದಾಗ ಪಂಪುಮನೆಯ ಬಾಗಿಲಲ್ಲಿ ಕುಳಿತು, ನಾಲಗೆ ಕಚ್ಚಿಕೊಂಡು, ಆ ಗಂಟು ಕಲಿತಿದ್ದ.

ಮಚ್ಚು ಕೈಯಿಂದ ಜಾರಿತು.

ಟವೆಲು ಹರಿದು ಸಂತೋಷನ ಕೈಗೆ ಬಿಗಿದದ್ದು ದೀಪಿಕ. ಕಲ್ಲಿನ ಮೇಲಿನ ಬೆರಳುಗಳನ್ನು ಆರಿಸಿ ಕಾಯಿಯ ಚೀಲಕ್ಕೆ ಹಾಕಿಕೊಂಡವಳೂ ಅವಳೇ. ದಡದಲ್ಲಿ ನಿಂತಿದ್ದ ಸಂತೋಷನ ಜೀಪು ನಡೆಸಿದ್ದು ಸಿದ್ದರಾಜು, ಒಂದು ಮುಷ್ಟಿಯಲ್ಲಿ ಬೆಣೆ ಹಿಡಿದುಕೊಂಡೇ. ಹಿಂದಿನ ಸೀಟಿನಲ್ಲಿ ಸಂತೋಷ್ ಜ್ವರ ಬಂದವನಂತೆ ಮಾತಾಡುತ್ತಿದ್ದ.

"ಬಿದ್ದಾಗೆಲ್ಲಾ ನಿಂತೋಯ್ತದೆ, ಮತ್ತೆ ಮತ್ತೆ ಸ್ಟಾರ್ಟ್ ಮಾಡ್ಬೇಕು ಅಂತ ರೇಗಾಡ್ತಿದ್ದ ಸ್ವಾಮಿ. ಒಂದಿನ, 'ಲೇ, ಇನ್ಮೇಲೆ ಬಿದ್ರೂ ನಿಲ್ಲಾಕಿಲ್ಲ, ತಾನಾಗೇ ಸುತ್ತಾಕಂಡು ನನ್ತಾವ್ಕೆ ಬತ್ತದೆ ನೋಡ್ತಿರ್ಲಾ' ಅಂದ. ತಮಾಸೆ ಅನ್ಕಂಡೆ. ಯಜಮಾನ್ರೆ, ನಾನು ತಮಾಸೆ ಅನ್ಕಂಡೆ..."

ಮುಷ್ಟಿಯಲ್ಲಿದ್ದುದು ಬಹಳ ಹಗುರ. ಜೀಪಿನ ಕಿಟಕಿ ತೆರೆದಿತ್ತು; ಪಕ್ಕದಲ್ಲಿ ನಾಲೆ ತುಂಬಿ ಹರಿಯುತ್ತಿತ್ತು. ಎಸೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಸ್ವಾಮಿ ಇನ್ನೊಬ್ಬನ ತಪ್ಪಿಗೆ ಸತ್ತ ಹುಡುಗನಾಗಿಯೇ ಉಳಿಯುತ್ತಾನೆ. ಅಂಕಮ್ಮ ಗಂಡನನ್ನು ನೋಡುವಾಗ ಪಂಪುಮನೆಯನ್ನು ನೆನೆಯುವುದಿಲ್ಲ. ಕನ್ನಡಿಯಲ್ಲಿ ದೀಪಿಕ ಅವನನ್ನೇ ನೋಡುತ್ತಿದ್ದಳು.

ಮಳವಳ್ಳಿ ಆಸ್ಪತ್ರೆಯ ಮುಂದೆ ಜನ ಕೂಡಿದರು. ಆಚೆ ದಡದಲ್ಲಿ ಮೀನು ಹಿಡಿಯುತ್ತಿದ್ದವರ ಫೋನಿನಿಂದ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. "ಮಗನ್ನ ಕೊಂದೋನ್ ಕೈಯ್ಯ ತೆಗ್ದವ್ನೆ. ಗಂಡ್ಸು ಕಣಯ್ಯ!" ಎಂದ ಒಬ್ಬ. ಇನ್ನೊಬ್ಬ ಬಂದು ಸಿದ್ದರಾಜುವಿನ ಬೆನ್ನು ತಟ್ಟಿದ. "ದೇವ್ರೇ ನಿನ್ನ ಕೈಲಿ ಮಾಡುಸ್ದ." ದೇವರ ಹೆಸರು ಕೇಳಿ ಸಿದ್ದರಾಜು ಬೆನ್ನು ಸರಿಸಿಕೊಂಡ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಂಕಮ್ಮ.

"ಪೂಜೆ ಆಯ್ತಾ? ನೋಡಿ, ಕರೆಂಟು ಬಂದು ಮೋಟ್ರು ತಾನೇ ಓಡ್ತಾ ಐತೆ. ನೀರು ಬದ ಒಡ್ಕಂಡು ಪಕ್ಕದವ್ರ ಗದ್ದೆಗೆ ನುಗ್ತಾ ಐತೆ. ಗುಂಡಿ ಒತ್ತಿದ್ರೂ ನಿಲ್ಲಾಕಿಲ್ಲ ಅಂತದೆ. ಎಂಗ್ ನಿಲ್ಸಾದು?"

ಅವನು ಬೆಣೆಯಿದ್ದ ಮುಷ್ಟಿಯನ್ನು ಇನ್ನಷ್ಟು ಬಿಗಿದ.

"ಕೇಳುಸ್ತಾ? ಎಂಗ್ ನಿಲ್ಸಾದು ಅಂದೆ."

"ಬೆಣೆ ಐತೆ ಕಣೆ. ಕಿತ್ಬುಡು" ಎಂದ. "ಬಂದು ಎಲ್ಲಾ ಏಳ್ತೀನಿ. ಬರಾಕಾಗ್ದಿದ್ರೆ ದೀಪಿಕ ಏಳ್ತಾಳೆ."

ಪೊಲೀಸಿನವನು ಜನರನ್ನು ಸರಿಸಿಕೊಂಡು ಬಂದ. ಸಿದ್ದರಾಜು ಅವನ ಮುಂದೆ ಮುಷ್ಟಿ ಬಿಚ್ಚಿದ. ಬೆಣೆ ಅಂಗೈಗೆ ಒತ್ತಿ ಗುರುತು ಬಿದ್ದಿತ್ತು.

"ಏನ್ರೀ ಇದು, ಕಡ್ಡಿ?"

"ನಮ್ಮನೇದು ಸಾ. ಮಿಷನ್ನಲ್ಲಿ ಇದಿತ್ತು. ನನ್ನ ಮಗ ನನ್ನ ನೋಡ್ಕಂಡು ಕಲ್ತು ಇಟ್ಟಿದ್ದು." ಜನ ಕೇಳಲೆಂದು ದನಿ ಏರಿಸಿದ. "ಒಳ್ಗಿರೋನು ಗಂಗಮ್ಮನ್ ಮುಂದೆ ಕರ್ಪೂರ ಆರ್ಸಿ ನಿಜ ಏಳ್ದ. ನಿಜ ಏಳಿದ್ ಕೈಯ್ಯ ನಾನು ಕಡ್ದೆ."

ಬೆನ್ನು ತಟ್ಟಿದವನು ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದಕ್ಕೆ ಸರಿದ. ಸಿದ್ದರಾಜು ಬೇಡಿಗೆಂದು ಎರಡು ಕೈಗಳನ್ನೂ ಜೋಡಿಸಿ ಮುಂದೆ ಚಾಚಿ ನಿಂತ. ಪೊಲೀಸಿನವನು ಅದನ್ನು ಕೈ ಮುಗಿಯುವುದೆಂದು ತಿಳಿದು, "ಅದೆಲ್ಲಾ ಬೇಡ, ನಡೀರಿ" ಎಂದ.